ಜೀನು ಹೊತ್ತು ಹೋಗುವವರನ್ನು ಯಾರೂ ತಡೆದು ಕೇಳುವುದಿಲ್ಲ: ಸ್ಪರ್ಧೆಗಳಲ್ಲಿ ಸವಾರಿ ಸಾಮಾನಿನ ಕಳವಿನ ಬಗ್ಗೆ

ಕಂದುಕುದುರೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಎರಡು ವಾರಗಳ ಹಿಂದೆ ಮೂರು ದಿನಗಳ ಈವೆಂಟಿಂಗ್ ಸ್ಪರ್ಧೆಯೊಂದರಲ್ಲಿ (ಅದೇ ಕುದುರೆಯ ಮೇಲೆ ಡ್ರೆಸಾಜ್, ಬಯಲಿನ ಅಡೆತಡೆಗಳನ್ನು ದಾಟುವ ಕ್ರಾಸ್ ಕಂಟ್ರಿ, ಕೊನೆಗೆ ಜಂಪಿಂಗ್ ಮಾಡುವ ಕುದುರೆ ಸವಾರಿ ಸ್ಪರ್ಧೆ) ನನ್ನ ಜಂಪಿಂಗ್ ಜೀನು ಕಳುವಾಯಿತು. ಇಂಥ ಕಳವು ಹೇಗೆ ನಡೆಯುತ್ತದೆ, ಅದನ್ನು ತಡೆಯಲು ನಿಜವಾಗಿ ಏನು ಮಾಡಬಹುದು ಎಂಬುದನ್ನು ಅನುಭವಸ್ಥರೊಂದಿಗೆ ಕುಳಿತು ಯೋಚಿಸಬೇಕೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಎರಡನೆಯ ದಿನ ಕ್ರಾಸ್ ಕಂಟ್ರಿ ಮುಗಿಸಿ ಬಂದಾಗ ಜೀನು ಬೆವರಿನಲ್ಲಿಯೂ ನೀರಿನ ಅಡೆತಡೆ ದಾಟಿದ ಕೆಸರಿನಲ್ಲಿಯೂ ತೊಯ್ದುಹೋಗಿತ್ತು. ಒರೆಸಿ, ಜೀನಿನ ಸೋಪು ಹಚ್ಚಿ, ಒಣಗಲೆಂದು ಸ್ಟ್ಯಾಂಡಿನ ಮೇಲೆ ಇಟ್ಟೆ. ಒದ್ದೆ ಚರ್ಮವನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ನಮಗೆ ಕೊಟ್ಟಿದ್ದ ಸಾಮಾನಿನ ಕೋಣೆ ಎಂದರೆ ತಾತ್ಕಾಲಿಕ ಲಾಯದ ಒಂದು ಖಾಲಿ ಖಾನೆ. ಅದರ ಬಾಗಿಲು ಒಂದು ಕ್ಯಾನ್ವಾಸ್ ಪರದೆ. ಪೆಟ್ಟಿಗೆಗೆ ಬೀಗ ಹಾಕಿದ್ದೆ. ಬೆಳಿಗ್ಗೆ ಪೆಟ್ಟಿಗೆ ಹಾಗೆಯೇ ಇತ್ತು, ಸ್ಟ್ಯಾಂಡು ಬರಿದಾಗಿತ್ತು.

ಕೊನೆಯ ದಿನದ ಜಂಪಿಂಗಿಗೆ ಗೆಳತಿಯೊಬ್ಬಳು ತನ್ನ ಜೀನನ್ನು ಕೊಟ್ಟಳು. ಅದರ ಒಳಚೌಕಟ್ಟು ನನ್ನ ಕುದುರೆಯ ಬೆನ್ನಿಗೆ ಕಿರಿದಾಗಿತ್ತು. ಹೊಟ್ಟೆಪಟ್ಟಿ ಬಿಗಿಯುತ್ತಿದ್ದಂತೆ ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿ ಬೆನ್ನನ್ನು ಕುಗ್ಗಿಸಿತು. ಎರಡು ದಿನ ನನಗಾಗಿ ಪ್ರಾಮಾಣಿಕವಾಗಿ ಓಡಿದ ಪ್ರಾಣಿಯನ್ನು ಆ ನೋವಿನಲ್ಲಿ ಹಾರಿಸಲು ಮನಸ್ಸಾಗದೆ ಸ್ಪರ್ಧೆಯಿಂದ ಹಿಂದೆ ಸರಿದೆ.

ಇನ್ನೊಂದು ವಿಷಯ ನನ್ನನ್ನು ಬಿಡದೆ ಕಾಡುತ್ತಿದೆ. ಆ ಸಂಜೆ ಕತ್ತಲಾಗುವ ಹೊತ್ತಿಗೆ ಲಾಯದ ಸಾಲಿನ ಕೊನೆಯಲ್ಲಿ ಯಾರೋ ಎಡಗೈಯ ಮೇಲೆ ಜೀನನ್ನು ಹೇರಿಕೊಂಡು, ಹೊಟ್ಟೆಪಟ್ಟಿಯನ್ನು ಅದರ ಮೇಲೆ ಅಡ್ಡ ಹಾಕಿಕೊಂಡು ಬರುತ್ತಿದ್ದರು. ಅವರ ಕೈ ತುಂಬಿದ್ದುದನ್ನು ಕಂಡು ಪರದೆಯನ್ನು ನಾನೇ ಎತ್ತಿ ಹಿಡಿದೆ. ಅವರು ಧನ್ಯವಾದ ಹೇಳಿ ಹೋದರು. ಅದು ನನ್ನದೇ ಜೀನಾಗಿತ್ತೋ ಅಲ್ಲವೋ ಗೊತ್ತಿಲ್ಲ. ನಾನು ಅತ್ತ ನೋಡಲೇ ಇಲ್ಲ.

ಮೂರನೆಯ ಬೇಲಿ ಬರೆದದ್ದು:

ಕಂದುಕುದುರೆ ಅವರೇ, ಓದಿ ಬಹಳ ಬೇಸರವಾಯಿತು. ಮೂರು ಪ್ರಶ್ನೆಗಳಿವೆ. ಆಯೋಜಕರಿಗೆ ಹೇಳಿದ್ದಲ್ಲದೆ ಪೊಲೀಸರಿಗೂ ಲಿಖಿತ ದೂರು ಕೊಟ್ಟಿದ್ದೀರಾ? ಜೀನಿನ ಕ್ರಮಸಂಖ್ಯೆ ನಿಮ್ಮ ಬಳಿ ಇದೆಯೇ? ಅದರ ಮೇಲಿನ ಗುರುತುಗಳು ಕಾಣುವಂಥ ಫೋಟೋಗಳಿವೆಯೇ?

ಕಂದುಕುದುರೆ ಬರೆದದ್ದು:

ದೂರು ಅದೇ ದಿನ ಕೊಟ್ಟೆ. ಕ್ರಮಸಂಖ್ಯೆ ಏನು ಎಂದು ಅಧಿಕಾರಿ ಕೇಳಿದಾಗಲೇ ಜೀನಿಗೆ ಅಂಥದ್ದೊಂದು ಇರುತ್ತದೆ ಎಂಬುದು ನನಗೆ ತಿಳಿದದ್ದು. ನನ್ನಲ್ಲಿರುವ ಫೋಟೋಗಳೆಲ್ಲ ನಾನು ಜೀನಿನ ಮೇಲೆ ಕುಳಿತಿರುವಾಗ ತೆಗೆದವು; ಅವುಗಳಲ್ಲಿ ಕಾಣುವುದು ಕುದುರೆಯ ಮುಖ ಮತ್ತು ನನ್ನ ಕಾಲು. ಕೊನೆಗೆ ದೂರಿನಲ್ಲಿ ಬರೆದುಕೊಂಡದ್ದು "ಕಂದು ಬಣ್ಣದ ಚರ್ಮದ ಜೀನು, ಒಂದು" ಎಂದು ಮಾತ್ರ. ಆರು ವರ್ಷ ಅದರ ಮೇಲೆ ಕುಳಿತವಳಿಗೆ ಅದನ್ನು ಇದಕ್ಕಿಂತ ಹೆಚ್ಚಾಗಿ ವಿವರಿಸಲು ಆಗಲಿಲ್ಲ ಎಂಬುದು ಕಳವಿಗಿಂತಲೂ ಹೆಚ್ಚು ನೋಯಿಸಿತು. ಈಗ ನೆನಪಾಗುತ್ತಿರುವ ಒಂದು ಗುರುತೆಂದರೆ, ಎಡಬದಿಯಲ್ಲಿ ಹೊಟ್ಟೆಪಟ್ಟಿಯನ್ನು ಸಿಕ್ಕಿಸುವ ಎರಡನೆಯ ಪಟ್ಟಿಯನ್ನು ಒಮ್ಮೆ ಬದಲಿಸಿ ಹೊಲಿಸಿದ್ದೆ. ಆ ದಾರ ಉಳಿದ ದಾರಕ್ಕಿಂತ ದಪ್ಪವಾಗಿದೆ.

ಚರ್ಮದ ಹೊಲಿಗೆ ಬರೆದದ್ದು:

ನಾನು ಜೀನು ದುರಸ್ತಿ ಮಾಡುವವನು. ಮೊದಲಿಗೆ ಒಂದು ವಿನಂತಿ: ಇನ್ನೂ ಯಾವುದಾದರೂ ಗುರುತು ನೆನಪಾದರೆ ಇಲ್ಲಿ ಬಹಿರಂಗವಾಗಿ ಬರೆಯಬೇಡಿ. ಎಲ್ಲರಿಗೂ ಗೊತ್ತಿರುವ ಗುರುತನ್ನು ಕದ್ದವನು ಅಳಿಸಿಬಿಡಬಹುದು, ಮತ್ತು ನಾಳೆ ಜೀನು ಸಿಕ್ಕಾಗ ಅದು ನಿಮ್ಮದೇ ಎಂದು ಸಾಧಿಸಲು ನಿಮಗೆ ಮಾತ್ರ ಗೊತ್ತಿರುವ ಒಂದಾದರೂ ಸಂಗತಿ ಕೈಯಲ್ಲಿ ಉಳಿದಿರಬೇಕು.

ಕ್ರಮಸಂಖ್ಯೆಯ ಬಗ್ಗೆ ಹೇಳುವುದಾದರೆ, ತಯಾರಕರೆಲ್ಲ ಅದನ್ನು ಒಂದೇ ಜಾಗದಲ್ಲಿ ಒತ್ತುವುದಿಲ್ಲ. ಇಂಗ್ಲಿಷ್ ಮಾದರಿಯ ಜೀನಿನಲ್ಲಿ ರಿಕಾಪಿನ ಪಟ್ಟಿಯನ್ನು ಸಿಕ್ಕಿಸುವ ಕಂಬಿಯನ್ನು ಮುಚ್ಚಿರುವ ಸಣ್ಣ ಚರ್ಮದ ತುಂಡನ್ನು ಎತ್ತಿ ನೋಡಿ. ಅಲ್ಲಿ ಇಲ್ಲದಿದ್ದರೆ ಪಕ್ಕದ ದೊಡ್ಡ ಹಾಳೆಯನ್ನು ಮೇಲೆತ್ತಿ, ಅದರ ಒಳಮೈಯನ್ನೂ ಬೆವರು ಹೀರುವ ಕೆಳಹಾಳೆಯನ್ನೂ ಹೊಟ್ಟೆಪಟ್ಟಿಯ ಪಟ್ಟಿಗಳ ಬುಡವನ್ನೂ ದೀಪ ಹಿಡಿದು ಹುಡುಕಿ. ಹಳೆಯ ಜೀನುಗಳಲ್ಲಿ ಅಂಕಿಗಳು ಸವೆದು ಬರಿಗಣ್ಣಿಗೆ ಕಾಣದಂತಾಗಿರುತ್ತವೆ, ಆದರೆ ಟಾರ್ಚನ್ನು ಚರ್ಮಕ್ಕೆ ಸಮಾನಾಂತರವಾಗಿ, ಓರೆಯಾಗಿ ಹಿಡಿದರೆ ನೆರಳು ಬಿದ್ದು ಮೂಡಿ ಬರುತ್ತವೆ. ಕೆಲವು ತಯಾರಕರು ಕೂರುವ ಜಾಗದ ಅಳತೆಯನ್ನೂ ಒಳಚೌಕಟ್ಟಿನ ಅಗಲವನ್ನೂ ತಯಾರಾದ ವರ್ಷವನ್ನೂ ಆ ಸಂಖ್ಯೆಯಲ್ಲಿಯೇ ಅಡಕ ಮಾಡಿರುತ್ತಾರೆ. ಹಾಗಾಗಿ ಬರೆದುಕೊಳ್ಳುವಾಗ ಒಂದು ಅಂಕಿಯನ್ನೂ ಬಿಡಬಾರದು.

ನಿಮ್ಮ ವಿಷಯದಲ್ಲಿ ಇನ್ನೂ ದಾರಿ ಇದೆ. ಜೀನನ್ನು ಹೊಸದಾಗಿ ಕೊಂಡಿದ್ದರೆ, ಮಾರಿದ ಅಂಗಡಿಯವರ ಅಥವಾ ತಯಾರಕರ ದಾಖಲೆಯಲ್ಲಿ ಸಂಖ್ಯೆ ಉಳಿದಿರುವ ಸಾಧ್ಯತೆ ಇದೆ. ಬಿಲ್ಲು ಹುಡುಕಿ ಅವರಿಗೆ ಬರೆಯಿರಿ. ಪಟ್ಟಿ ಬದಲಿಸಿಕೊಟ್ಟ ದುರಸ್ತಿಯವರನ್ನೂ ಕೇಳಿ. ನಾನಂತೂ ಬಿಚ್ಚಿದ ಪ್ರತಿ ಜೀನಿನ ಒಳಭಾಗದ ಫೋಟೋವನ್ನು ಇಟ್ಟುಕೊಳ್ಳುತ್ತೇನೆ, ಏಕೆಂದರೆ ಪ್ರತಿಯೊಬ್ಬರ ಹೊಲಿಗೆಯೂ ಅವರವರ ಕೈಬರಹದಂತೆ ಬೇರೆ ಬೇರೆ. ಎಡಗೈಯಿಂದ ಹೊಲಿಯುವವನ ಗಂಟು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ನೋಡಿಯೇ ಇದು ಇಂಥವರ ಕೆಲಸ ಎಂದು ಹೇಳಿದ್ದೂ ಉಂಟು.

ಲಾಯದ ಲಾಂದ್ರ ಬರೆದದ್ದು:

ಹಲವು ಸ್ಪರ್ಧೆಗಳಲ್ಲಿ ಲಾಯದ ಮೇಲ್ವಿಚಾರಕನಾಗಿ ದುಡಿದ ನಾನು ಆಯೋಜಕರ ಕಡೆಯಿಂದ ಒಂದು ಮಾತು ಹೇಳಬೇಕು. ದೊಡ್ಡ ಸ್ಪರ್ಧೆಗಳ ಲಾಯಕ್ಕೆ ಕಾವಲು ಇಲ್ಲದೆ ಇಲ್ಲ. ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 1921ರಲ್ಲಿ ಸ್ಥಾಪನೆಯಾದದ್ದು. ಅದರ ಈಗಿನ ಪಶುವೈದ್ಯ ನಿಯಮಗಳ ಪ್ರಕಾರ ಅನುಮತಿ ಪಡೆದವರು ಮಾತ್ರ ಲಾಯದ ಆವರಣವನ್ನು ಪ್ರವೇಶಿಸಬಹುದು. ಆದರೆ ಆ ನಿಯಮ ಹುಟ್ಟಿದ್ದು ಕುದುರೆಯ ರಕ್ಷಣೆಗಾಗಿ: ಯಾರೂ ಅದಕ್ಕೆ ಮದ್ದು ಹಾಕಬಾರದು, ರೋಗ ಹರಡಬಾರದು, ಹಿಂಸೆ ಕೊಡಬಾರದು ಎಂಬ ಕಾಳಜಿಯಿಂದ. ಜೀನಿನ ರಕ್ಷಣೆ ಅದರ ಉದ್ದೇಶವಲ್ಲ. ಕೈಪಟ್ಟಿ ಕಟ್ಟಿಕೊಂಡು ಒಳಗೆ ಬಂದವರು ಹೊರಗೆ ಹೋಗುವಾಗ ಏನನ್ನು ಹೊತ್ತಿದ್ದಾರೆ ಎಂದು ನೋಡುವ ವ್ಯವಸ್ಥೆಯೇ ನಮ್ಮಲ್ಲಿಲ್ಲ. ಸಣ್ಣ ಸ್ಪರ್ಧೆಗಳಲ್ಲಂತೂ ಎಷ್ಟೋ ಕಡೆ ಕೈಪಟ್ಟಿಯೂ ಇರುವುದಿಲ್ಲ.

ನಾನು ಕಂಡಂತೆ ಅಪಾಯದ ಹೊತ್ತುಗಳು ಎರಡು. ಮೊದಲನೆಯದು ಎಲ್ಲರೂ ಊಟಕ್ಕೋ ಬಹುಮಾನ ವಿತರಣೆಗೋ ಹೋಗಿ ಲಾಯದ ಸಾಲು ಖಾಲಿಯಾಗುವ ಸಂಜೆ. ಎರಡನೆಯದು ಕೊನೆಯ ದಿನದ ಮಧ್ಯಾಹ್ನ. ಹತ್ತಾರು ಟ್ರೇಲರುಗಳ ಇಳಿಜಾರು ಹಲಗೆಗಳು ಒಟ್ಟಿಗೆ ತೆರೆದಿರುತ್ತವೆ, ಪ್ರತಿಯೊಬ್ಬರ ಕೈಯಲ್ಲಿಯೂ ಒಂದಲ್ಲ ಒಂದು ಸಾಮಾನಿರುತ್ತದೆ, ಯಾರ ಲಗಾಮು ಯಾರ ಟ್ರೇಲರಿಗೆ ಏರಿತು ಎಂಬುದನ್ನು ಕುದುರೆಯನ್ನು ಹತ್ತಿಸುವ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ, ಮತ್ತು ಕಳೆದದ್ದು ತಿಳಿಯುವ ಹೊತ್ತಿಗೆ ಮೈದಾನ ಬಿಟ್ಟು ಎಲ್ಲರೂ ನೂರಾರು ಕಿಲೋಮೀಟರ್ ದೂರ ಹೋಗಿರುತ್ತಾರೆ. ಆ ದಿನದ ಕಳವು ಎಷ್ಟೋ ಸಲ ದೂರಾಗಿ ದಾಖಲಾಗುವುದೇ ಇಲ್ಲ; "ಎಲ್ಲೋ ಬಿಟ್ಟು ಬಂದಿರಬೇಕು" ಎಂದು ಕಳೆದುಕೊಂಡವರೇ ಸುಮ್ಮನಾಗುತ್ತಾರೆ.

ದಪ್ಪಗೊರಸು ಬರೆದದ್ದು:

ಇಷ್ಟೆಲ್ಲ ಚರ್ಚೆಯ ಬದಲು ಜೀನಿನಲ್ಲಿ ಒಂದು ಏರ್‌ಟ್ಯಾಗ್, ಅಂದರೆ ವಸ್ತು ಎಲ್ಲಿದೆ ಎಂದು ಫೋನಿಗೆ ತಿಳಿಸುವ ಸಣ್ಣ ಬಿಲ್ಲೆ, ಇಟ್ಟರೆ ಸಾಕಲ್ಲವೇ?

ಮೂರನೆಯ ಬೇಲಿ ಬರೆದದ್ದು:

ಸಾಲದು, ದಪ್ಪಗೊರಸು ಅವರೇ. ನಾನು ಇಟ್ಟು ನೋಡಿದ್ದೇನೆ. 2021ರಲ್ಲಿ ಬಂದ ಈ ಬಿಲ್ಲೆಯೊಳಗೆ ಉಪಗ್ರಹದ ಸಂಪರ್ಕವಿಲ್ಲ. ಅದು ಬ್ಲೂಟೂತ್ ಮೂಲಕ ಹತ್ತಿರದಲ್ಲಿ ಹಾದುಹೋಗುವ ಆಪಲ್ ಸಾಧನಗಳನ್ನು ನೆಚ್ಚಿಕೊಂಡು ತನ್ನ ಜಾಗವನ್ನು ತಿಳಿಸುತ್ತದೆ. ಜನಸಂಚಾರವಿಲ್ಲದ ಹೊಲದ ನಡುವಿನ ಲಾಯದಲ್ಲಿ ಅದು ಗಂಟೆಗಟ್ಟಲೆ ಮೌನವಾಗಿರುತ್ತದೆ, ಲೋಹದ ಪೆಟ್ಟಿಗೆಯೊಳಗೆ ಸೇರಿದರೆ ಸಂಕೇತವೇ ಕುಗ್ಗುತ್ತದೆ. ಅದಲ್ಲದೆ, ಯಾರನ್ನಾದರೂ ಗುಟ್ಟಾಗಿ ಹಿಂಬಾಲಿಸಲು ಬಳಕೆಯಾಗಬಾರದೆಂದು, ಅಪರಿಚಿತ ಬಿಲ್ಲೆಯೊಂದು ನಿಮ್ಮೊಂದಿಗೆ ಚಲಿಸುತ್ತಿದೆ ಎಂಬ ಎಚ್ಚರಿಕೆಯನ್ನು ಫೋನುಗಳು ತಾವಾಗಿಯೇ ಕೊಡುತ್ತವೆ. 2023ರಿಂದ ಆಂಡ್ರಾಯ್ಡ್ ಫೋನುಗಳಲ್ಲಿಯೂ ಈ ಸೌಲಭ್ಯವಿದೆ. ಈ ಎಚ್ಚರಿಕೆ ಇರಲೇಬೇಕಾದದ್ದು ಎಂದು ನಾನು ಒಪ್ಪುತ್ತೇನೆ, ಆದರೆ ಅದು ಕಳ್ಳನಿಗೂ ತಲುಪುತ್ತದೆ.

ಹಾಗೆಂದು ಬೇಡವೇ ಬೇಡ ಎನ್ನುತ್ತಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಅದು ತೋರಿಸುವ ಒಂದೇ ಒಂದು ಬಿಂದುವೂ ಪೊಲೀಸರಿಗೆ ದಾರಿಯಾಗಬಹುದು. ನಕ್ಷೆಯನ್ನು ಹಿಡಿದು ನೀವೇ ಒಬ್ಬರೇ ಅಲ್ಲಿಗೆ ಹೋಗಬೇಡಿ.

ಚರ್ಮದ ಹೊಲಿಗೆ ಬರೆದದ್ದು:

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಿಲ್ಲೆಯನ್ನು ಕುದುರೆಯ ಬೆನ್ನಿಗೆ ತಾಗುವ ಮೆತ್ತೆಯೊಳಗೆ ಎಂದಿಗೂ ಹೊಲಿಯಬೇಡಿ. ಅಂಥ ಜೀನೊಂದನ್ನು ನಾನು ಬಿಚ್ಚಿದ್ದೇನೆ: ಬಿಲ್ಲೆಯ ಸುತ್ತಲಿನ ಉಣ್ಣೆ ಗಟ್ಟಿಯಾಗಿ ಒಂದು ಗಡ್ಡೆಯಂತಾಗಿತ್ತು. ಸವಾರನ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಒತ್ತುತ್ತದೆ. ಒತ್ತಡ ಬಿದ್ದ ಜಾಗದಲ್ಲಿ ಕುದುರೆಗೆ ಬಿಳಿಕೂದಲು ಮೂಡಿದರೆ ಅದು ಜೀವಮಾನವಿಡೀ ಹಾಗೆಯೇ ಉಳಿಯಬಹುದು.

ಹಳೆಯ ಸೈಸ್ ಬರೆದದ್ದು:

ಮೂವತ್ತು ವರ್ಷ ಲಾಯದಲ್ಲಿ ಕೆಲಸ ಮಾಡಿದವನು ನಾನು. ಇಲ್ಲಿಯವರೆಗೆ ಯಾರೂ ಆಡದ ಮಾತೊಂದನ್ನು ಆಡಬೇಕಾಗಿದೆ, ದಯವಿಟ್ಟು ತಪ್ಪು ತಿಳಿಯಬೇಡಿ.

ಸಾಮಾನು ಕಳುವಾದ ದಿನ ಮೊದಲು ಬಿಚ್ಚಿಸುವುದು ನಮ್ಮ ಚೀಲಗಳನ್ನು. ಒಮ್ಮೆ ಸವಾರರೊಬ್ಬರ ಸ್ಪರ್ ಜೋಡಿ (ಬೂಟಿನ ಹಿಮ್ಮಡಿಗೆ ಕಟ್ಟುವ ಲೋಹದ ಮುಳ್ಳು) ಕಾಣೆಯಾದಾಗ ನನ್ನ ಬಟ್ಟೆಗಳನ್ನು ಎಲ್ಲರ ಎದುರಿಗೆ ನೆಲದ ಮೇಲೆ ಸುರುವಿದರು. ಮನೆಯಿಂದ ಬಂದ ಕಾಗದಗಳು ಮೇವಿನ ಹುಲ್ಲಿನಲ್ಲಿ ಬಿದ್ದವು. ಸ್ಪರ್‌ಗಳು ಸಂಜೆ ಆ ಸವಾರರ ಬೂಟಿನ ಒಳಗೇ ಸಿಕ್ಕಿದವು. ಕ್ಷಮೆ ಕೇಳಲು ಯಾರೂ ಬರಲಿಲ್ಲ. ನಾನು ಮರುದಿನ ಅದೇ ಬೂಟುಗಳಿಗೆ ಪಾಲಿಶ್ ಹಾಕಿದೆ.

ನಮ್ಮಲ್ಲಿ ಕದಿಯುವವರೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಹತ್ತು ಜೀನುಗಳ ನಡುವೆ ಒಳ್ಳೆಯದನ್ನೇ ಆರಿಸಿ ಒಯ್ಯುವವನಿಗೆ ಅದನ್ನು ಮಾರುವ ದಾರಿಯೂ ಗೊತ್ತಿರಬೇಕು, ಸಾಗಿಸಲು ವಾಹನವೂ ಇರಬೇಕು. ನಾವು ಬರುವುದು ಕುದುರೆಯ ಜೊತೆ, ಹೋಗುವುದೂ ಕುದುರೆಯ ಜೊತೆ; ನಮ್ಮ ಬಳಿ ಇರುವುದು ಒಂದು ಚೀಲ ಮಾತ್ರ.

ನನ್ನ ಪದ್ಧತಿಯನ್ನು ಕೇಳುವವರಿದ್ದರೆ ಹೇಳುತ್ತೇನೆ. ಸಾಮಾನನ್ನು ಬಗೆಯ ಪ್ರಕಾರ ಜೋಡಿಸದೆ ಕುದುರೆಯ ಪ್ರಕಾರ ಜೋಡಿಸುತ್ತಿದ್ದೆ: ಒಂದು ಕುದುರೆಯ ಜೀನು, ಹೊಟ್ಟೆಪಟ್ಟಿ, ಲಗಾಮು, ಎದೆಪಟ್ಟಿ, ಕಾಲಿನ ಬೂಟುಗಳು ಒಂದೇ ಕಡೆ. ಎಲ್ಲ ಕಡಿವಾಣಗಳನ್ನು ಒಂದೇ ಕೊಕ್ಕೆಗೆ ನೇತು ಹಾಕಿದರೆ ಹನ್ನೆರಡರಲ್ಲಿ ಒಂದು ಹೋದದ್ದು ತಿಳಿಯುವುದಿಲ್ಲ. ಒಂದು ಕುದುರೆಯ ಗುಂಪಿನಲ್ಲಿ ಕಡಿವಾಣ ಇಲ್ಲದಿದ್ದರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ರಾತ್ರಿ ಮೇವು ಹಾಕುವಾಗ ಒಂದು ಸಲ, ಬೆಳಿಗ್ಗೆ ನೀರು ಕೊಡುವಾಗ ಒಂದು ಸಲ ಎಣಿಸುತ್ತಿದ್ದೆ. ಇದಕ್ಕೆ ಹತ್ತು ನಿಮಿಷ ಬೇಕು. ರಾತ್ರಿ ಕಾವಲು ಬೇಕೆನ್ನುವವರು ಅದನ್ನೂ ಕೆಲಸವೆಂದು ಎಣಿಸಿ ಅದಕ್ಕೆ ಸಂಬಳ ಕೊಡಲಿ. ಹಗಲೆಲ್ಲ ದುಡಿದವನು ರಾತ್ರಿಯೂ ಎಚ್ಚರವಿರಬೇಕೆಂದು ಬಯಸುವುದು ನ್ಯಾಯವಲ್ಲ.

ಲಾಯದ ಲಾಂದ್ರ ಬರೆದದ್ದು:

ಅಣ್ಣಾ, ನಿಮ್ಮ ಮಾತು ಸತ್ಯ. ಮೇಲ್ವಿಚಾರಕನಾಗಿ ನಾನೂ ಅಂಥ ತಪಾಸಣೆಯೊಂದರಲ್ಲಿ ಪಕ್ಕದಲ್ಲಿ ನಿಂತಿದ್ದೆ, ತಡೆಯಲಿಲ್ಲ. ಅದಕ್ಕಾಗಿ ಇಂದಿಗೂ ನಾಚಿಕೆಯಿದೆ.

ನೀಳಜೂಲು ಬರೆದದ್ದು:

ನಾನು ಈ ಕಥೆಯ ಇನ್ನೊಂದು ತುದಿಯಲ್ಲಿ ನಿಂತವಳು: ಕದ್ದ ಜೀನನ್ನು ತಿಳಿಯದೆ ಕೊಂಡವಳು. ಮಾರಿದವರು ಸಭ್ಯವಾಗಿಯೇ ಮಾತಾಡಿದರು, ಕುದುರೆಯನ್ನು ಮಾರಿಬಿಟ್ಟೆ, ಇನ್ನು ಜೀನು ಬೇಡ ಎಂದರು. ಎಂಟು ತಿಂಗಳ ನಂತರ ದುರಸ್ತಿಗೆ ಕೊಟ್ಟಾಗ ಅಲ್ಲಿ ಸಂಖ್ಯೆಯನ್ನು ಪರಿಶೀಲಿಸಿದರು, ಕಳವಾದ ಜೀನೆಂದು ಗೊತ್ತಾಯಿತು. ಮೂಲ ಒಡೆಯರಿಗೆ ಒಪ್ಪಿಸಿದೆ. ಹಣ ಹೋಯಿತು, ಆದರೆ ಅವರು ಜೀನನ್ನು ಅಪ್ಪಿಕೊಂಡಂತೆ ಹಿಡಿದುಕೊಂಡದ್ದನ್ನು ನೋಡಿದ ಮೇಲೆ ನನಗೆ ಆ ಹಣದ ಚಿಂತೆ ಉಳಿಯಲಿಲ್ಲ.

ಈ ವಿಷಯದಲ್ಲಿ ಕಾನೂನು ದೇಶದಿಂದ ದೇಶಕ್ಕೆ ಬೇರೆ ಎಂಬುದನ್ನು ಆಗ ಓದಿ ತಿಳಿದೆ. ಇಂಗ್ಲೆಂಡಿನಲ್ಲಿ, ಸಾಂಪ್ರದಾಯಿಕ ಬಯಲು ಸಂತೆಯಲ್ಲಿ ಸೂರ್ಯೋದಯ ಮತ್ತು ಸೂರ್ಯಾಸ್ತದ ನಡುವೆ ಒಳ್ಳೆಯ ನಂಬಿಕೆಯಿಂದ ಕೊಂಡ ವಸ್ತು, ಕದ್ದದ್ದಾಗಿದ್ದರೂ, ಕೊಂಡವನದೇ ಆಗುತ್ತದೆ ಎಂಬ ಬಹಳ ಹಳೆಯ ನಿಯಮವೊಂದಿತ್ತು. ಅದು ರದ್ದಾದದ್ದು 1995ರಲ್ಲಿ. ಫ್ರಾನ್ಸಿನ ನಾಗರಿಕ ಸಂಹಿತೆಯ 2276ನೆಯ ವಿಧಿಯ ಪ್ರಕಾರ ಕಳೆದುಕೊಂಡವರು ಮೂರು ವರ್ಷಗಳ ಒಳಗೆ ವಸ್ತುವನ್ನು ಮರಳಿ ಕೇಳಬಹುದು. ಆದರೆ ಕೊಂಡವನು ಅದನ್ನು ಸಂತೆಯಲ್ಲಿಯೋ ಅಂಥ ವಸ್ತುಗಳ ವ್ಯಾಪಾರಿಯ ಬಳಿಯೋ ಕೊಂಡಿದ್ದರೆ ಅವನು ಕೊಟ್ಟ ಬೆಲೆಯನ್ನು ಮೂಲ ಒಡೆಯನೇ ಹಿಂದಿರುಗಿಸಬೇಕಾಗುತ್ತದೆ. ಜೀನುಗಳು ಗಡಿ ದಾಟಿ ಮಾರಾಟವಾಗುವ ಈ ಕಾಲದಲ್ಲಿ, ದೂರನ್ನು ತಡ ಮಾಡದೆ ಕೊಡುವುದು ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಕೊಳ್ಳುವವರಲ್ಲಿ ನನ್ನ ಪ್ರಾರ್ಥನೆ: ಸಂಖ್ಯೆಯ ಫೋಟೋ ಕಳಿಸಿ ಎಂದು ಮೊದಲೇ ಕೇಳಿ. ಪ್ರಾಮಾಣಿಕರು ಎರಡು ನಿಮಿಷದಲ್ಲಿ ಕಳಿಸುತ್ತಾರೆ. ಆ ಜಾಗದ ಚರ್ಮವನ್ನು ಉಜ್ಜಿ ಒರಟಾಗಿಸಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಕೊಳ್ಳಬೇಡಿ. ಹೆಲ್ಮೆಟ್ಟನ್ನಂತೂ ಹೀಗೆ ಕೊಳ್ಳಲೇಬಾರದು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ಒಳಗೆ ತನ್ನ ಶಕ್ತಿಯನ್ನು ಕಳೆದುಕೊಂಡಿರಬಹುದು, ಮತ್ತು ಕದ್ದ ಹೆಲ್ಮೆಟ್ಟಿನ ಇತಿಹಾಸವನ್ನು ಹೇಳುವವರು ಯಾರೂ ಇರುವುದಿಲ್ಲ.

ದಪ್ಪಗೊರಸು ಬರೆದದ್ದು:

ನನ್ನ ಮೊದಲ ಬರಹ ಅವಸರದ್ದಾಯಿತು. ವಿಮೆಯ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ: ಅನೇಕ ಪಾಲಿಸಿಗಳು ಬೀಗ ಒಡೆದ ಗುರುತನ್ನು ಕೇಳುತ್ತವೆ. ಪರದೆಯ ಹಿಂದೆ ಇಟ್ಟ ಜೀನಿಗೆ ಅಂಥ ಗುರುತೇ ಇರುವುದಿಲ್ಲ. ಸ್ಪರ್ಧೆಗೆ ಹೊರಡುವ ಮೊದಲು, ತಾತ್ಕಾಲಿಕ ಲಾಯದಲ್ಲಿಯೂ ನಿಲ್ಲಿಸಿದ ಟ್ರೇಲರಿನಲ್ಲಿಯೂ ರಕ್ಷಣೆ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಮುಖ್ಯ ವಿಷಯಕ್ಕೆ ಬಂದರೆ, ಜೀನು ಹೊತ್ತು ಹೋಗುವವರನ್ನು ನಾವೇ ತಡೆದು "ಇದು ಯಾವ ಕುದುರೆಯದು?" ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಬಾರದೇಕೆ?

ನೀಳಜೂಲು ಬರೆದದ್ದು:

ಹಳೆಯ ಸೈಸ್ ಅವರ ಮಾತನ್ನು ಓದಿದ ಮೇಲೆ ನನಗೆ ಆ ರೂಢಿಯ ಬಗ್ಗೆ ಭಯವಿದೆ. ಹೊಳೆಯುವ ಬೂಟು ತೊಟ್ಟವರನ್ನು ಯಾರೂ ಕೇಳುವುದಿಲ್ಲ, ಮಾಸಿದ ಅಂಗಿಯವರನ್ನು ಎಲ್ಲರೂ ಕೇಳುತ್ತಾರೆ. ಕಂದುಕುದುರೆ ಅವರು ಪರದೆ ಎತ್ತಿ ಹಿಡಿದದ್ದು ಯಾರಿಗೆ ಎಂಬುದನ್ನು ಅವರೇ ಹೇಳಬೇಕು.

ಕಂದುಕುದುರೆ ಬರೆದದ್ದು:

ಬಿಳಿಯ ಸವಾರಿ ಪ್ಯಾಂಟು ತೊಟ್ಟವರಿಗೆ. ಅದು ಈಗ ಸ್ಪಷ್ಟವಾಗಿ ನೆನಪಾಗುತ್ತಿದೆ.

ಲಾಯದ ಲಾಂದ್ರ ಬರೆದದ್ದು:

ಹಾಗಾದರೆ ವ್ಯಕ್ತಿಯನ್ನು ನೋಡದೆ ವಸ್ತುವನ್ನು ನೋಡುವ ಕ್ರಮ ಬೇಕು. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪ್ರತಿ ಕುದುರೆಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಲಾಯದಿಂದ ಹೊರಬಂದಾಗಲೆಲ್ಲ ಅದು ಕುದುರೆಯ ಮೈಮೇಲೆ ಕಾಣುವಂತಿರಬೇಕು. ಅದೇ ಸಂಖ್ಯೆಯ ಎರಡನೆಯ ಬಿಲ್ಲೆಯನ್ನು ಜೀನಿನ ಲೋಹದ ಬಳೆಗೆ ಕಟ್ಟುವ ಪ್ರಯೋಗವನ್ನು ಒಂದು ಸಣ್ಣ ಸ್ಪರ್ಧೆಯಲ್ಲಿ ಮಾಡಿದೆವು. ದ್ವಾರದಲ್ಲಿ ಜೀನಿನ ಸಂಖ್ಯೆಯನ್ನೂ ಹೊತ್ತವರ ಕೈಪಟ್ಟಿಯ ಸಂಖ್ಯೆಯನ್ನೂ ಹೋಲಿಸಿ ನೋಡುವುದಷ್ಟೇ ಕೆಲಸ. ಹೆಸರು ಕೇಳುವಂತಿಲ್ಲ, ಚೀಲ ಮುಟ್ಟುವಂತಿಲ್ಲ, ತೀರ್ಪುಗಾರರೇ ಬಂದರೂ ಬಿಡುವಂತಿಲ್ಲ.

ಕೊನೆಯ ದಿನ ಇದು ನಡೆಯಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಕುದುರೆಗಳು ಟ್ರೇಲರಿನೊಳಗೆ ಬೆವರುತ್ತ ನಿಂತಿರುವಾಗ ಸಾಲು ಬೆಳೆಯತೊಡಗಿತು, ಅವುಗಳಿಗೆ ಹಿಂಸೆಯಾಗಬಾರದೆಂದು ಅರ್ಧಕ್ಕೆ ಕೈಬಿಟ್ಟೆವು. ಆದರೆ ಸೂರ್ಯಾಸ್ತದಿಂದ ಬೆಳಗಿನ ಮೇವಿನವರೆಗೆ ಯಾವುದೇ ತೊಂದರೆಯಾಗಲಿಲ್ಲ. ರಾತ್ರಿ ಲಾಯದಿಂದ ಜೀನನ್ನು ಹೊರಗೊಯ್ಯುವ ಅಗತ್ಯ ಯಾರಿಗಿರುತ್ತದೆ? ಮುಂದಿನ ಸಲ ಒದ್ದೆ ಜೀನುಗಳನ್ನು ಒಣಗಿಸಲು ಬೀಗವಿರುವ, ಗಾಳಿಯಾಡುವ ಒಂದು ಸಾಮಾನ್ಯ ಕೋಣೆಯನ್ನೂ ಕೇಳುತ್ತೇನೆ. ಪೆಟ್ಟಿಗೆಗೆ ಬೀಗ ಹಾಕಿ ಎಂದು ಸವಾರರಿಗೆ ಉಪದೇಶ ಮಾಡುವ ನಾವು, ಒದ್ದೆ ಜೀನನ್ನು ಎಲ್ಲಿಡಬೇಕೆಂದು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

ಕಂದುಕುದುರೆ ಬರೆದದ್ದು:

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಹಳೆಯ ಸಾಮಾನಿನ ಮಾರಾಟದ ಜಾಹೀರಾತುಗಳನ್ನು ಪ್ರತಿ ರಾತ್ರಿ ನೋಡುತ್ತಿದ್ದವಳಿಗೆ ಕಳೆದ ವಾರ ನನ್ನದೇ ಎನ್ನುವಂಥ ಜೀನೊಂದು ಕಂಡಿತು. ಅದೇ ಬಣ್ಣ, ಅದೇ ಅಳತೆ, ಬಲಮಂಡಿ ಒತ್ತುವಲ್ಲಿ ಅದೇ ಸವೆತ. ಮಾರುವವರಿಗೆ ಕಠಿಣವಾದ ಪತ್ರವೊಂದನ್ನು ಬರೆದೂ ಆಗಿತ್ತು. ಕಳಿಸುವ ಮುನ್ನ ಹಳೆಯ ಸೈಸ್ ಅವರ ಬಟ್ಟೆಗಳು ನೆಲಕ್ಕೆ ಬಿದ್ದ ಚಿತ್ರ ಕಣ್ಣ ಮುಂದೆ ಬಂತು. ಆ ಪತ್ರವನ್ನು ಅಳಿಸಿ, ನೀಳಜೂಲು ಅವರು ಹೇಳಿದಂತೆ ಸಂಖ್ಯೆಯ ಮತ್ತು ಒಳಬದಿಯ ಫೋಟೋಗಳನ್ನು ಮಾತ್ರ ಕೇಳಿದೆ. ಹತ್ತು ನಿಮಿಷದಲ್ಲಿ ಬಂದವು. ಎಡಬದಿಯ ಪಟ್ಟಿಗಳ ಹೊಲಿಗೆ ಮೂಲದ್ದೇ ಆಗಿತ್ತು, ಒಂದೂ ಬದಲಾಗಿರಲಿಲ್ಲ. ಅದು ನನ್ನ ಜೀನಲ್ಲ.

ನಿನ್ನೆ ಜೀನು ಮಾರಿದ ಅಂಗಡಿಯಿಂದ ಉತ್ತರ ಬಂದಿದೆ. ಅವರ ಹಳೆಯ ಪುಸ್ತಕದಲ್ಲಿ ನನ್ನ ಹೆಸರಿನ ಎದುರು ಸಂಖ್ಯೆ ಬರೆದಿಟ್ಟಿದ್ದರು. ಅದನ್ನು ಪೊಲೀಸರಿಗೆ ಕೊಟ್ಟು, ದೂರಿನಲ್ಲಿದ್ದ ಆ ಒಂದು ಸಾಲಿನ ಕೆಳಗೆ ಸೇರಿಸಿಸಿ, ಪ್ರತಿಯನ್ನು ಪಡೆದುಕೊಂಡು ಬಂದೆ. ಚರ್ಮದ ಹೊಲಿಗೆ ಅವರೇ, ನೀವು ಹೇಳಿದಂತೆ ಅದನ್ನು ಇಲ್ಲಿ ಬರೆಯುತ್ತಿಲ್ಲ. ನಿಮ್ಮ ಬಳಿಗೆ ದುರಸ್ತಿಗೆ ಬರುವ ಜೀನುಗಳೊಂದಿಗೆ ಹೋಲಿಸಿ ನೋಡುವುದಾದರೆ ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ.

ಚರ್ಮದ ಹೊಲಿಗೆ ಬರೆದದ್ದು:

ಕಳಿಸಿ. ಪರಿಚಯದ ಇತರ ದುರಸ್ತಿಗಾರರಿಗೂ ತಲುಪಿಸುತ್ತೇನೆ.